ರಸೀದಿಗೆ ಮುಂಚೆ ಒಂದು ಪ್ರಶ್ನೆಪತ್ರಿಕೆ



ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನದಿಂದ ಪಿಯುಸಿ ತರಗತಿ ಶುರುವಾಗುವವರೆಗೆ ಮುಳಬಾಗಿಲು ತಾಲ್ಲೂಕಿನ ಹಳ್ಳಿಗಳಲ್ಲಿ ಒಂದೇ ಮಾತು ಓಡಾಡುತ್ತದೆ. ತಾಯಲೂರಿನ ಡೈರಿ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರೂ ಅದನ್ನೇ ಕೇಳುತ್ತಾರೆ, ವಡ್ಡಹಳ್ಳಿ ಮಾರುಕಟ್ಟೆಗೆ ಟೊಮೆಟೊ ಬಾಕ್ಸು ಹೇರುವವರೂ ಅದನ್ನೇ ಕೇಳುತ್ತಾರೆ: "ಮೇಷ್ಟ್ರೇ, ಮಗೂನ ಕೋಚಿಂಗ್‌ಗೆ ಸೇರಿಸ್ಬೇಕಾ, ಬೇಡ್ವಾ?" ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವನಾದ್ದರಿಂದ ಈ ಪ್ರಶ್ನೆ ನನ್ನ ಬಳಿಗೂ ಬರುತ್ತದೆ. ಕೇಳುವವರ ದನಿಯಲ್ಲಿ ಆಸೆ ಎಷ್ಟಿರುತ್ತದೋ ಭಯವೂ ಅಷ್ಟೇ ಇರುತ್ತದೆ. ಸೇರಿಸದೆ ಹೋದರೆ ಮಗುವಿಗೆ ಅನ್ಯಾಯ ಮಾಡಿದಂತಾಗುತ್ತದೇನೋ ಎಂಬ ಭಯ ಅದು. ಆ ಭಯವನ್ನೇ ನಂಬಿ ವ್ಯಾಪಾರ ಮಾಡುವವರು ಹೆಚ್ಚಾಗಿದ್ದಾರೆ. ಆದ್ದರಿಂದ ಇವತ್ತು ಈ ವಿಷಯವನ್ನು ಬಿಡಿಸಿ ಮಾತಾಡೋಣ ಅಂದುಕೊಂಡಿದ್ದೇನೆ.

ಕೋಚಿಂಗ್ ಬೇಕೇ ಎಂದು ಕೇಳುವ ಮೊದಲು ಯಾವ ಪರೀಕ್ಷೆಗೆ ಎಂದು ಕೇಳಿಕೊಳ್ಳಬೇಕು. ನಮ್ಮ ಕಡೆ ಸಿಇಟಿ, ನೀಟ್, ಜೆಇಇ ಮೂರನ್ನೂ ಒಂದೇ ಉಸಿರಲ್ಲಿ ಹೇಳುತ್ತಾರೆ, ಮೂರಕ್ಕೂ ಸೇರಿಸಿ ಒಂದೇ ಫೀಸು ಕಟ್ಟುತ್ತಾರೆ. ಆದರೆ ಅವುಗಳ ಲೆಕ್ಕ ಬೇರೆ ಬೇರೆ. ಸಿಇಟಿ ನಮ್ಮ ರಾಜ್ಯದ ಪರೀಕ್ಷೆ, ನಡೆಸುವುದು ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಎಂಜಿನಿಯರಿಂಗ್ ರ‍್ಯಾಂಕ್ ಕಟ್ಟುವಾಗ ಸಿಇಟಿ ಅಂಕ ಅರ್ಧ, ದ್ವಿತೀಯ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕ ಇನ್ನರ್ಧ. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು. ಕಾಲೇಜಿನ ಪಾಠ ಬಿಡಿಸಿ, ಪ್ರಯೋಗಾಲಯ ತಪ್ಪಿಸಿ, ಬರೀ ನಾಲ್ಕು ಆಯ್ಕೆಯ ಪ್ರಶ್ನೆಗಳನ್ನು ತಿಕ್ಕಿಸುವ ಕೋಚಿಂಗ್‌ಗೆ ಮಗುವನ್ನು ಕಳಿಸಿದರೆ ರ‍್ಯಾಂಕಿನ ಅರ್ಧವನ್ನು ನೀವೇ ಕೈಯಾರೆ ಕಳೆದುಕೊಂಡಂತೆ. ಮೂರು ಅಂಕದ, ಐದು ಅಂಕದ ಉತ್ತರವನ್ನು ಹಂತ ಹಂತವಾಗಿ ಬರೆಯಲು ಕಲಿಸುವುದು ಪಿಯು ತರಗತಿ. ಅದಕ್ಕೆ ಬೇರೆ ಫೀಸು ಕೊಡಬೇಕಾಗಿಲ್ಲ.

ಸಿಇಟಿ ಹುಟ್ಟಿದ್ದು ಯಾಕೆ ಅನ್ನುವುದನ್ನೂ ಈ ಹೊತ್ತಿನಲ್ಲಿ ನೆನೆಯಬೇಕು. ಎಂಬತ್ತರ ದಶಕದಲ್ಲಿ ಕರ್ನಾಟಕದ ಖಾಸಗಿ ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಕ್ಯಾಪಿಟೇಶನ್ ಶುಲ್ಕದ ಹಾವಳಿ ದೇಶಕ್ಕೆಲ್ಲ ಗೊತ್ತಿದ್ದ ಸಂಗತಿ. ಅದನ್ನು ತಡೆಯಲು ರಾಜ್ಯ 1984ರಲ್ಲಿ ಕಾಯ್ದೆ ತಂದಿತು. 1992ರಲ್ಲಿ ಮೋಹಿನಿ ಜೈನ್ ಪ್ರಕರಣದಲ್ಲಿ, ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕ್ಯಾಪಿಟೇಶನ್ ವಿರುದ್ಧ ತೀರ್ಪು ಕೊಟ್ಟಿತು. ಅದರ ಬೆನ್ನಿಗೆ 1994ರಲ್ಲಿ ಸಿಇಟಿ ಬಂತು. ದುಡ್ಡಿಲ್ಲದ ಮನೆಯ ಮಗುವೂ ಅಂಕದ ಬಲದ ಮೇಲೆ ಒಳಗೆ ಹೋಗಲಿ ಎಂಬುದೇ ಅದರ ಉದ್ದೇಶ. ಅಂಥ ಪರೀಕ್ಷೆಗೆ ಕೂರಲೂ ಮೊದಲು ಲಕ್ಷ ರೂಪಾಯಿ ಹೊಂದಿಸಬೇಕು ಎಂದು ತಾಯಲೂರಿನ ರೈತನೊಬ್ಬ ನಂಬಿಕೊಂಡಿದ್ದಾನೆ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹಾಗಾದರೆ ಯಾರಿಗೆ ಕೋಚಿಂಗ್ ಬೇಕು, ಯಾರಿಗೆ ಬೇಡ? ನಾನು ಹೇಳುವ ದಾರಿ ಇಷ್ಟೇ. ದುಡ್ಡು ಕಟ್ಟುವ ಮೊದಲು ಹಳೆಯ ಪ್ರಶ್ನೆಪತ್ರಿಕೆ ಬರೆಸಿ. ಪ್ರಾಧಿಕಾರದ ಜಾಲತಾಣದಲ್ಲಿ ಹಿಂದಿನ ವರ್ಷಗಳ ಪತ್ರಿಕೆಗಳೂ ಸರಿಯುತ್ತರಗಳೂ ಸಿಗುತ್ತವೆ. ಊರಿನ ಕಂಪ್ಯೂಟರ್ ಅಂಗಡಿಯಲ್ಲಿ ಮುದ್ರಿಸಿಕೊಂಡರೆ ಕೆಲವೇ ರೂಪಾಯಿ ಖರ್ಚು. ಪ್ರಥಮ ಪಿಯುಸಿ ಮುಗಿಸಿದ ಮಗುವಾದರೆ ಆ ವರ್ಷದ ಪಾಠಗಳಿಗೆ ಸೇರಿದ ಪ್ರಶ್ನೆಗಳನ್ನು ಮಾತ್ರ ಆರಿಸಿಕೊಳ್ಳಿ. ಸಮಯವನ್ನೂ ಅದೇ ಲೆಕ್ಕದಲ್ಲಿ ಇಳಿಸಿ: ಪ್ರಶ್ನೆಯೊಂದಕ್ಕೆ 80 ಸೆಕೆಂಡು. ಮೊಬೈಲು ಆಚೆ, ಗಡಿಯಾರ ಎದುರಿಗೆ. ಮಧ್ಯೆ ಎದ್ದು ಹೋಗುವ ಹಾಗಿಲ್ಲ.

ಅಂಕ ಎಷ್ಟು ಬಂತು ಅನ್ನುವುದು ಆಮೇಲಿನ ಮಾತು. ತಪ್ಪಿದ ಪ್ರಶ್ನೆಗಳನ್ನು ಒಂದೊಂದಾಗಿ ಮಗುವಿನ ಜೊತೆ ಕೂತು ನೋಡಬೇಕು. ನಿಮಗೆ ಓದು ಬಾರದಿದ್ದರೂ ಚಿಂತೆಯಿಲ್ಲ. "ಇದು ಯಾಕಪ್ಪ ತಪ್ಪಿತು?" ಎಂದು ಕೇಳಿದರೆ ಸಾಕು, ಮಗುವೇ ಹೇಳುತ್ತದೆ. ಆ ಪಾಠವೇ ಗೊತ್ತಿಲ್ಲ ಅಂದರೆ ಅದು ಒಂದು ಬಗೆ. ಅಲ್ಲಿ ಬೇಕಾದ್ದು ಪಾಠ ಹೇಳುವ ಮೇಷ್ಟ್ರು. ಗೊತ್ತಿತ್ತು, ಸಮಯ ಸಾಲಲಿಲ್ಲ ಅಂದರೆ ಬೇಕಾದ್ದು ಅಭ್ಯಾಸ. ಹಳೆಯ ಪತ್ರಿಕೆಗಳನ್ನು ವಾರವಾರ ಬರೆದರೆ ಅದು ಕೈಗೆ ಹತ್ತುತ್ತದೆ, ಬೇಕಿದ್ದರೆ ಕಡಿಮೆ ದುಡ್ಡಿನ ಟೆಸ್ಟ್ ಸೀರೀಸ್ ಒಂದನ್ನು ತೆಗೆದುಕೊಳ್ಳಬಹುದು. ಇನ್ನು ಮೂರನೆಯದು ನಮ್ಮ ಹಳ್ಳಿಯ ಮಕ್ಕಳದೇ ಕಷ್ಟ: ಪ್ರಶ್ನೆಯೇ ಅರ್ಥವಾಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮದು ಗಡಿ ಸೀಮೆ. ಬಹಳ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಹತ್ತನೆಯ ತರಗತಿವರೆಗೆ ಕನ್ನಡ, ವಿಜ್ಞಾನ ತೆಗೆದುಕೊಂಡು ಪಿಯುಸಿಗೆ ಕಾಲಿಟ್ಟ ದಿನದಿಂದ ಇಂಗ್ಲಿಷು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗಿ ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಫೇಲಾಗಿ ಅಳುವುದನ್ನು ಪಿಯು ಕಾಲೇಜಿನಲ್ಲಿ ಪಾಠ ಹೇಳಿದ ಯಾರನ್ನು ಕೇಳಿದರೂ ಹೇಳುತ್ತಾರೆ. ವೇಗೋತ್ಕರ್ಷ ಅಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತು, ಆಕ್ಸಿಲರೇಶನ್ ಅಂದಾಗ ತಡವರಿಸುತ್ತಾಳೆ. ಇಂಥ ಮಗುವನ್ನು ನೂರಾರು ಮಕ್ಕಳ ಕೋಚಿಂಗ್ ಹಾಲ್‌ನಲ್ಲಿ ಕೂರಿಸಿದರೆ ಏನಾಗುತ್ತದೆ? ಅಲ್ಲಿ ಪಾಠ ಓಡುತ್ತದೆ, ಇಂಗ್ಲಿಷಿನಲ್ಲೇ ಓಡುತ್ತದೆ. ಮಗು ಹಿಂದಿನ ಬೆಂಚಿಗೆ ಸರಿಯುತ್ತದೆ. ದುಡ್ಡು ಕೊಟ್ಟಿದ್ದಾರಲ್ಲ ಎಂಬ ಭಾರಕ್ಕೆ ಅರ್ಥವಾಗಲಿಲ್ಲ ಎಂದು ಮನೆಯಲ್ಲಿ ಹೇಳುವುದೂ ಇಲ್ಲ.

ಈ ಕಷ್ಟಕ್ಕೆ ಮದ್ದು ಕೋಚಿಂಗ್ ಅಲ್ಲ. ಎಸ್ಸೆಸ್ಸೆಲ್ಸಿ ಮುಗಿದ ಮೇಲಿನ ರಜೆಯಲ್ಲಿ ಕನ್ನಡದ ವಿಜ್ಞಾನ ಪುಸ್ತಕವನ್ನೂ ಅದೇ ಪುಸ್ತಕದ ಇಂಗ್ಲಿಷ್ ಪ್ರತಿಯನ್ನೂ ಎದುರು ಬದುರು ಇಟ್ಟುಕೊಂಡು ಓದಿಸಿ. ಪಾಠ ಮೊದಲೇ ತಿಳಿದಿರುವುದರಿಂದ ಪದಗಳಷ್ಟೇ ಹೊಸವು. ಹೈಸ್ಕೂಲಿನ ವಿಜ್ಞಾನ ಮೇಷ್ಟ್ರನ್ನೋ, ಊರಲ್ಲೇ ಬಿಎಸ್ಸಿ ಓದಿದ ಅಕ್ಕನನ್ನೋ ಕೇಳಿಕೊಂಡರೆ ಸಂಜೆ ಒಂದು ಗಂಟೆ ಕೊಡುತ್ತಾರೆ. ಅವರ ಕೈಗೆ ತಿಂಗಳಿಗೆ ಒಂದಿಷ್ಟು ಹಣ ಕೊಟ್ಟರೆ ಅದು ಸಾರ್ಥಕವಾದ ಖರ್ಚು. ನೀಟ್ ಬರೆಯುವವರಿಗೆ ಇನ್ನೊಂದು ಅನುಕೂಲವಿದೆ. 2017ರಿಂದ ಆ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಅರ್ಜಿ ತುಂಬುವಾಗ ಕನ್ನಡ ಆರಿಸಿಕೊಂಡರೆ ಪ್ರಶ್ನೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರುತ್ತದೆ. ಒಂದರಲ್ಲಿ ಸಿಗದ ಅರ್ಥ ಇನ್ನೊಂದರಲ್ಲಿ ಸಿಗುತ್ತದೆ. ಕನ್ನಡ ಆರಿಸಿಕೊಳ್ಳುವುದಕ್ಕೆ ಯಾರೂ ನಾಚಬೇಕಾಗಿಲ್ಲ.

ನಮ್ಮ ಸೀಮೆಯಲ್ಲಿ ಬೋರ್‌ವೆಲ್ ಕೊರೆಸುವ ಮುಂಚೆ ಪಾಯಿಂಟ್ ನೋಡಿಸದೆ ಯಾರೂ ಲಾರಿ ಕರೆಸುವುದಿಲ್ಲ. ಸಾವಿರ ಅಡಿ ಹೋದರೂ ನೀರು ಸಿಗದ ನೆಲದ ಮೇಲೆ ಬದುಕಿದವರಿಗೆ ಆ ಎಚ್ಚರ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ವಿಷಯದಲ್ಲೂ ಎಲ್ಲಿ ಕೊರತೆ ಇದೆ ಎಂದು ನೋಡಿ ಆಮೇಲೆ ದುಡ್ಡು ಹಾಕಿ ಎನ್ನುವುದಷ್ಟೇ ನನ್ನ ಬೇಡಿಕೆ.

ಕೋಚಿಂಗ್‌ನಿಂದ ಏನೂ ಆಗುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಸಂಸ್ಥೆ ದಿನಚರಿ ಕಲಿಸುತ್ತದೆ, ವಾರವಾರ ಪರೀಕ್ಷೆ ಇಟ್ಟು ತಪ್ಪು ತೋರಿಸುತ್ತದೆ, ಓದುವ ಜೊತೆಗಾರರನ್ನು ಕೊಡುತ್ತದೆ. ಸರ್ಕಾರಿ ಪಿಯು ಕಾಲೇಜಿನಲ್ಲಿ ಗಣಿತಕ್ಕೋ ಭೌತಶಾಸ್ತ್ರಕ್ಕೋ ಉಪನ್ಯಾಸಕರೇ ಇಲ್ಲದೆ, ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ತಿಂಗಳುಗಳು ಕಳೆದಿದ್ದರೆ, ತಂದೆ ತಾಯಿ ಬೇರೆ ಕಡೆ ನೋಡುವುದು ತಪ್ಪಲ್ಲ. ಆದರೆ ಆಗ ನಾವು ಕೊಡುತ್ತಿರುವುದು ಕಾಲೇಜು ಕೊಡಬೇಕಾಗಿದ್ದ ಪಾಠಕ್ಕೆ ಎರಡನೇ ಸಲ ದುಡ್ಡು. ಸರ್ಕಾರಿ ಪಿಯು ಕಾಲೇಜುಗಳಿಗೆ ಶಾಸಕರ ಅಧ್ಯಕ್ಷತೆಯ ಕಾಲೇಜು ಅಭಿವೃದ್ಧಿ ಸಮಿತಿ ಇರುತ್ತದೆ. ಉಪನ್ಯಾಸಕರಿಲ್ಲ ಎಂದು ಪೋಷಕರು ಹತ್ತು ಜನ ಸೇರಿ ಜೂನ್ ತಿಂಗಳಲ್ಲೇ ಅರ್ಜಿ ಕೊಡಬೇಕು. ಒಬ್ಬ ಮೇಷ್ಟ್ರು ಬಂದರೆ ಇಡೀ ತರಗತಿಗೆ ಅನುಕೂಲ. ದುಡ್ಡು ಕೊಡಲಾಗದವರ ಮಕ್ಕಳೂ ಆ ತರಗತಿಯಲ್ಲೇ ಇರುತ್ತಾರೆ.

ಈಗ ನೀಟ್‌ಗೆ ಬರೋಣ. ಇದರ ಲೆಕ್ಕವೇ ಬೇರೆ. 180 ಪ್ರಶ್ನೆ, 720 ಅಂಕ, ಸರಿಯುತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಡಿತ. 2025ರಿಂದ ಸಮಯ 180 ನಿಮಿಷ, ಅಂದರೆ ಪ್ರಶ್ನೆಗೊಂದೇ ನಿಮಿಷ. ಪಿಯುಸಿ ಅಂಕ ಅರ್ಹತೆಗೆ ಮಾತ್ರ, ರ‍್ಯಾಂಕಿಗೆ ಸೇರುವುದಿಲ್ಲ. 2024ರಲ್ಲಿ ಇಡೀ ದೇಶದಿಂದ ಸುಮಾರು 24 ಲಕ್ಷ ಮಕ್ಕಳು ಹೆಸರು ಕೊಟ್ಟಿದ್ದರು. ಇಂಥ ಪೈಪೋಟಿಯಲ್ಲಿ ಕೋಚಿಂಗ್‌ನ ಪಾತ್ರ ದೊಡ್ಡದು ಎಂದು ಒಪ್ಪಿಕೊಳ್ಳಲೇಬೇಕು. ಪಕ್ಕದ ತಮಿಳುನಾಡಿನಲ್ಲಿ ನ್ಯಾಯಮೂರ್ತಿ ಎ.ಕೆ. ರಾಜನ್ ಸಮಿತಿ 2021ರಲ್ಲಿ ಕೊಟ್ಟ ವರದಿಯ ಪ್ರಕಾರ 2020-21ರಲ್ಲಿ ಅಲ್ಲಿ ವೈದ್ಯಕೀಯ ಸೀಟು ಪಡೆದವರಲ್ಲಿ ನೂರಕ್ಕೆ ಸುಮಾರು 71 ಮಂದಿ ಮತ್ತೊಮ್ಮೆ ಪರೀಕ್ಷೆ ಬರೆದವರು. ಒಂದು ವರ್ಷ, ಎರಡು ವರ್ಷ ಕಾಯುವ ಶಕ್ತಿ ಇರುವ ಮನೆಯ ಮಕ್ಕಳೇ ಹೆಚ್ಚಾಗಿ ಒಳಗೆ ಹೋಗುತ್ತಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ. ಸರ್ಕಾರಿ ಶಾಲೆಯಲ್ಲಿ ಓದಿದವರಿಗಾಗಿ ತಮಿಳುನಾಡು 2020ರಲ್ಲೇ ವೈದ್ಯಕೀಯ ಸೀಟುಗಳಲ್ಲಿ ಶೇಕಡಾ 7.5ರ ಒಳಮೀಸಲಾತಿ ತಂದಿತು. ನಮ್ಮಲ್ಲೂ ಅಂಥದ್ದು ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ನೀಟ್ ವಿಷಯದಲ್ಲಿ ಕೋಚಿಂಗ್ ಬೇಡ ಎಂದು ಖಡಾಖಂಡಿತವಾಗಿ ಹೇಳಲಾರೆ. ಜೀವಶಾಸ್ತ್ರವನ್ನು ಇಷ್ಟಪಟ್ಟು ಓದುವ, ಡಾಕ್ಟರಾಗಬೇಕು ಎಂದು ತಾನಾಗಿಯೇ ಹೇಳುವ, ಮನೆಯಲ್ಲಿ ಬರೆದ ಹಳೆಯ ಪತ್ರಿಕೆಗಳಲ್ಲಿ ತಿಂಗಳಿಂದ ತಿಂಗಳಿಗೆ ಮೇಲಕ್ಕೆ ಹೋಗುತ್ತಿರುವ ಮಗುವಿಗೆ ದುಡ್ಡು ಹಾಕುವುದು ಸರಿ. ಮೊದಲ ಸಲ ಸೀಟು ಸಿಗದೆ ಮತ್ತೊಂದು ವರ್ಷದ ಲಾಂಗ್ ಟರ್ಮ್ ಕೋಚಿಂಗ್‌ಗೆ ಸೇರುವ ಯೋಚನೆ ಇದ್ದರೆ, ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರಕಟಿಸುವ ಹಿಂದಿನ ವರ್ಷದ ಕಟಾಫ್ ರ‍್ಯಾಂಕನ್ನು ನಿಮ್ಮ ಮೀಸಲಾತಿ ವರ್ಗದಲ್ಲಿ ನೋಡಿ. ಮಗು ಅದರ ಹತ್ತಿರಕ್ಕೆ ಬಂದು ನಿಂತಿದ್ದರೆ ಒಂದು ವರ್ಷ ಕೊಡಬಹುದು. ಬಹಳ ದೂರ ಇದ್ದರೆ ಆ ವರ್ಷವನ್ನೂ ಆ ಹಣವನ್ನೂ ಬೇರೆ ಓದಿಗೆ ಕೊಡುವುದು ಮೇಲು. ಕೋಲಾರದ ಟಮಕದಲ್ಲಿ ತೋಟಗಾರಿಕೆ ಕಾಲೇಜಿದೆ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಕಾಲೇಜಿದೆ. ಕೃಷಿ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆಯೇ ಕೋಟಾ ಉಂಟು. ಅದಕ್ಕೆ ಬೀಜ, ಗೊಬ್ಬರ, ಉಪಕರಣ ಗುರುತಿಸುವಂಥ ಪ್ರಾಯೋಗಿಕ ಪರೀಕ್ಷೆ ಇಡುತ್ತಾರೆ. ಟೊಮೆಟೊ ತೋಟದಲ್ಲಿ ಬೆಳೆದ ತಾಯಲೂರಿನ ಮಗುವಿಗೆ ಅದರಲ್ಲಿ ಯಾವ ಕೋಚಿಂಗೂ ಬೇಡ.

ಇನ್ನು ದುಡ್ಡಿನ ಮಾತು. ವರ್ಷಕ್ಕೆ ಲಕ್ಷ ರೂಪಾಯಿಗೂ ಮೀರಿ ಕೇಳುವ ಸಂಸ್ಥೆಗಳಿವೆ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ: ಲಕ್ಷಕ್ಕೆ 18 ಸಾವಿರ. ಹಾಸ್ಟೆಲು, ಊಟ ಬೇರೆ. 2023ರ ಜುಲೈನಲ್ಲಿ ಕೋಲಾರ ಮಾರುಕಟ್ಟೆಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು 2,000 ರೂಪಾಯಿ ದಾಟಿದಾಗ ಫೀಸು ಕಟ್ಟುವುದು ಸುಲಭ ಅನ್ನಿಸಿರಬಹುದು. ಅದೇ ಬಾಕ್ಸು ಕೊಯ್ಲಿನ ಕೂಲಿಗೂ ಸಾಲದ ಬೆಲೆಗೆ ಇಳಿದು ರಸ್ತೆ ಪಕ್ಕ ಸುರಿದದ್ದನ್ನೂ ನಾವೇ ನೋಡಿದ್ದೇವೆ. ಎರಡು ವರ್ಷದ ಫೀಸನ್ನು ಒಂದು ಒಳ್ಳೆಯ ಬೆಳೆಯ ಧೈರ್ಯದ ಮೇಲೆ ಒಪ್ಪಿಕೊಳ್ಳಬೇಡಿ. ಒಡವೆ ಅಡ ಇಟ್ಟು, ಸಂಘದ ಸಾಲ ತೆಗೆದು, ಕೈಸಾಲ ಮಾಡಿ ಮಗುವನ್ನು ಕಳಿಸಿದರೆ ಆ ಸಾಲದ ತೂಕವನ್ನು ಮಗುವೂ ಹೊರುತ್ತದೆ. ಪ್ರತಿ ಕಿರುಪರೀಕ್ಷೆಯಲ್ಲೂ ಅಮ್ಮನ ಬಳೆ ನೆನಪಾದರೆ ಓದು ಹೇಗೆ ಹತ್ತೀತು?

ಇನ್ನೊಂದನ್ನು ಅಕ್ಕ ತಂಗಿಯರ ಪರವಾಗಿ ಹೇಳಬೇಕು. ಮಗನನ್ನು ಬೆಂಗಳೂರಿನ ಕೋಚಿಂಗ್‌ಗೆ ಕಳಿಸಿ, ಮಗಳಿಗೆ ಸರ್ಕಾರಿ ಬಸ್ಸು ಉಚಿತವಲ್ಲವೇ, ಮುಳಬಾಗಿಲಿಗೇ ಹೋಗಿ ಬರಲಿ ಎನ್ನುವ ಮನೆಗಳಿವೆ. ಇಬ್ಬರಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ನೋಡಿ. ಯಾರ ಮೇಲೆ ಹಣ ಹಾಕಬೇಕು ಎಂಬುದನ್ನು ಆ ಅಂಕ ಹೇಳಲಿ.

ಬಿಟ್ಟಿಯಾಗಿ ಸಿಗುವುದನ್ನು ಮೊದಲು ಬಳಸಿ ಎಂದೂ ಹೇಳುತ್ತೇನೆ. ಐಐಟಿ ಕಾನ್ಪುರದ ಜೊತೆ ಸೇರಿ ಕೇಂದ್ರ ಶಿಕ್ಷಣ ಸಚಿವಾಲಯ 2023ರಲ್ಲಿ ಸಾಥಿ ಎಂಬ ಜಾಲತಾಣ ತೆರೆಯಿತು. ಜೆಇಇ, ನೀಟ್ ಪಾಠಗಳು, ಅಭ್ಯಾಸ ಪರೀಕ್ಷೆಗಳು ಅಲ್ಲಿ ಉಚಿತ. ಸರ್ಕಾರಿ ಪಿಯು ಕಾಲೇಜಿನ ಮಕ್ಕಳಿಗೆ ರಾಜ್ಯ ಸರ್ಕಾರವೂ ಇತ್ತೀಚೆಗೆ ಸಿಇಟಿ, ನೀಟ್ ತರಬೇತಿ ಕೊಡುತ್ತಿದೆ. ಪ್ರಾಂಶುಪಾಲರನ್ನು ವಿಚಾರಿಸಿ. ಎರಡು ತಿಂಗಳು ಇವನ್ನು ನಿಯತ್ತಾಗಿ ಬಳಸದ ಮಗು ಲಕ್ಷ ಕೊಟ್ಟ ಕಡೆಯೂ ಓದುವುದು ಕಷ್ಟ.

ಸಂಸ್ಥೆ ಆರಿಸುವಾಗ ಫ್ಲೆಕ್ಸ್ ನೋಡಿ ತೀರ್ಮಾನಿಸಬೇಡಿ. ಅದರ ಮೇಲಿನ ಮಕ್ಕಳ ಮುಖ ನೋಡಿದರೆ ಎಲ್ಲ ತಂದೆ ತಾಯಿಯರ ಎದೆಯೂ ಜಗ್ಗುತ್ತದೆ. ಆದರೆ ಆ ಮಗು ಅಲ್ಲಿ ಪೂರ್ತಿ ಎರಡು ವರ್ಷ ಓದಿತೋ, ಬರೀ ಟೆಸ್ಟ್ ಸೀರೀಸ್ ಬರೆಯಿತೋ ಕೇಳಿ. ಆಯ್ಕೆಯಾದವರು ಯಾವ ಕೋರ್ಸಿನಲ್ಲಿ, ಎಷ್ಟು ಅವಧಿ, ದುಡ್ಡು ಕೊಟ್ಟು ಓದಿದರೋ ಉಚಿತವಾಗಿಯೋ ಎಂಬುದನ್ನು ಜಾಹೀರಾತಿನಲ್ಲೇ ಹೇಳಬೇಕು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಸೀಟು ಗ್ಯಾರಂಟಿ ಎನ್ನುವ ಸಂಸ್ಥೆಯಿಂದ ಎದ್ದು ಬನ್ನಿ. ಉಳಿದ ಕಡೆ ಎಷ್ಟು ಮಂದಿ ಸೇರಿದ್ದರು, ಅವರಲ್ಲಿ ಎಷ್ಟು ಮಂದಿಗೆ ಸೀಟು ಸಿಕ್ಕಿತು ಎಂದು ಕೇಳಿ. ಪಾಠದ ಪುಸ್ತಕ ನಮ್ಮ ರಾಜ್ಯದ ಈಗಿನ ಪಠ್ಯಕ್ಕೆ ಹೊಂದುತ್ತದೆಯೇ ಎಂದೂ ನೋಡಿ. ಪಠ್ಯದಿಂದ ತೆಗೆದುಹಾಕಿದ ಪಾಠಗಳ ಪ್ರಶ್ನೆಗಳು 2024ರ ಸಿಇಟಿಯಲ್ಲೇ ಬಂದು, ಕೊನೆಗೆ 50 ಪ್ರಶ್ನೆಗಳನ್ನು ಲೆಕ್ಕದಿಂದ ಕೈಬಿಡಬೇಕಾಯಿತು. ಹಳೆಯ ನೋಟ್ಸನ್ನೇ ವರ್ಷವರ್ಷ ಜೆರಾಕ್ಸ್ ಮಾಡಿ ಕೊಡುವ ಕಡೆ ಮಗು ಬೇಡದ್ದನ್ನು ಓದುತ್ತಾ ಕೂತಿರುತ್ತದೆ.

ಫೀಸನ್ನು ಕಂತಿನಲ್ಲಿ ಕಟ್ಟಿ, ಪ್ರತಿ ಕಂತಿಗೂ ಜಿಎಸ್‌ಟಿ ಸಂಖ್ಯೆ ಇರುವ ರಸೀದಿ ಪಡೆಯಿರಿ. ಮಧ್ಯೆ ಬಿಟ್ಟರೆ ಉಳಿದ ಅವಧಿಯ ಫೀಸನ್ನೂ ಹಾಸ್ಟೆಲ್ ಹಣವನ್ನೂ ಹತ್ತು ದಿನದೊಳಗೆ ಹಿಂದಿರುಗಿಸಬೇಕು ಎಂದು ಶಿಕ್ಷಣ ಸಚಿವಾಲಯದ 2024ರ ಜನವರಿಯ ಮಾರ್ಗಸೂಚಿ ಹೇಳುತ್ತದೆ. ಸಂಸ್ಥೆ ಇದಕ್ಕೆ ಒಪ್ಪುತ್ತದೆಯೇ ಎಂದು ಸೇರುವ ದಿನವೇ ಬರೆಸಿಕೊಳ್ಳಿ. ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಕೋಲಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ.

ಶಿಕ್ಷಣ ಸಚಿವಾಲಯದ ಅದೇ ಮಾರ್ಗಸೂಚಿ 16 ವರ್ಷ ತುಂಬದವರನ್ನು ಕೋಚಿಂಗ್‌ಗೆ ಸೇರಿಸಿಕೊಳ್ಳಬಾರದು ಎನ್ನುತ್ತದೆ. ಎಂಟನೆಯ ತರಗತಿಯಿಂದಲೇ ಫೌಂಡೇಶನ್ ಎಂದು ಯಾರಾದರೂ ಬಂದರೆ ಬೇಡ ಎನ್ನಿ. ನವೋದಯ ವಿದ್ಯಾಲಯದ ಪರೀಕ್ಷೆಗೆಂದು ಐದನೆಯ ತರಗತಿಯ ಮಕ್ಕಳನ್ನು ಹಾಸ್ಟೆಲಿನಲ್ಲಿಟ್ಟು ತಯಾರು ಮಾಡುವುದೂ ನಡೆದಿದೆ. ಆರನೆಯ ತರಗತಿಯ ಪ್ರವೇಶಕ್ಕೆ ನಡೆಸುವ ಆ ಪರೀಕ್ಷೆಯಲ್ಲಿ ಇರುವುದು ಎರಡು ಗಂಟೆ, 80 ಪ್ರಶ್ನೆ, ಅದೂ ಕನ್ನಡದಲ್ಲೇ ಬರೆಯಬಹುದಾದದ್ದು. ನೂರಕ್ಕೆ ಕನಿಷ್ಠ 75 ಸೀಟು ಹಳ್ಳಿಯ ಮಕ್ಕಳಿಗೇ ಮೀಸಲು. ಊರ ಶಾಲೆಯ ಮೇಷ್ಟ್ರು ಸಂಜೆ ಕೂರಿಸಿಕೊಂಡು ಅಭ್ಯಾಸ ಮಾಡಿಸಿದರೆ ಸಾಕು. ಹತ್ತು ವರ್ಷದ ಕೂಸನ್ನು ಮನೆಯಿಂದ ಬಿಡಿಸಬೇಡಿ.

ನನ್ನ ತೀರ್ಮಾನ ಕೇಳುವುದಾದರೆ: ಸಿಇಟಿ ಬರೆದು ಎಂಜಿನಿಯರಿಂಗೋ ಕೃಷಿಯೋ ಓದಬೇಕೆನ್ನುವ ನಮ್ಮ ಹೋಬಳಿಯ ಬಹುಪಾಲು ಮಕ್ಕಳಿಗೆ ಹಾಸ್ಟೆಲ್ ಸಮೇತದ ದುಬಾರಿ ಕೋಚಿಂಗ್ ಬೇಡ. ಪಿಯು ತರಗತಿ, ಹಳೆಯ ಪತ್ರಿಕೆ, ಎಡವುವ ಒಂದು ವಿಷಯಕ್ಕೆ ಒಬ್ಬ ಮೇಷ್ಟ್ರು, ಇಷ್ಟು ಸಾಕು. ನೀಟ್‌ಗೆ, ಮೊದಲೇ ಹೇಳಿದಂತೆ, ಮಗುವನ್ನು ನೋಡಿ.

ಹೊರಡುವ ಮುಂಚೆ ಒಂದು ಕೆಲಸ ಹೇಳುತ್ತೇನೆ, ಇದಕ್ಕೆ ಯಾವ ಕೋಚಿಂಗ್ ಫೀಸೂ ಇಲ್ಲ. ಒಂದರಿಂದ ಹತ್ತನೆಯ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿ ಸೀಟು ಹಂಚಿಕೆಯಲ್ಲಿ ಶೇಕಡಾ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಮೀಸಲಾತಿ ಇದೆ. ಎಂಜಿನಿಯರಿಂಗ್‌ನಲ್ಲಿ ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಬೋಧನಾ ಶುಲ್ಕವಿಲ್ಲದ ಹೆಚ್ಚುವರಿ ಸೀಟುಗಳಿವೆ. ಇಂಗ್ಲಿಷ್ ಶಾಲೆ ಬೇಕೆಂದು ಒಂದನೆಯ ತರಗತಿಯಿಂದಲೇ ಮುಳಬಾಗಿಲು ಪಟ್ಟಣಕ್ಕೆ ವ್ಯಾನು ಹತ್ತಿಸಿದ ಮಕ್ಕಳಿಗೆ ಮೊದಲ ಎರಡೂ ಸಿಗುವುದಿಲ್ಲ. ನಿಮ್ಮ ಮಗು ತಾಯಲೂರಿನಲ್ಲೋ ಅಕ್ಕಪಕ್ಕದ ಹಳ್ಳಿಯಲ್ಲೋ ಕನ್ನಡ ಶಾಲೆಯಲ್ಲಿ ಓದಿದ್ದರೆ, ಗ್ರಾಮೀಣ ಅಧ್ಯಯನ ಪ್ರಮಾಣಪತ್ರವನ್ನೂ ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೂ ಮುಖ್ಯೋಪಾಧ್ಯಾಯರಿಂದ ಈ ಬೇಸಿಗೆಯಲ್ಲೇ ಪಡೆಯಿರಿ. ಎರಡಕ್ಕೂ ಮುಳಬಾಗಿಲಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ, ಮೊಹರು ಬೇಕು. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಮಾಡಿಸಿ, ಎಲ್ಲವನ್ನೂ ಒಂದು ಕಡತದಲ್ಲಿ ಜೋಪಾನವಾಗಿಡಿ. ಸಿಇಟಿ ಅರ್ಜಿ ತುಂಬುವಾಗ ಗ್ರಾಮೀಣ, ಕನ್ನಡ ಮಾಧ್ಯಮ ಎಂಬ ಎರಡು ಕಾಲಂಗಳನ್ನು ಖಾಲಿ ಬಿಡಬೇಡಿ.